ಸ್ಟಾಕ್‌ಹೋಮ್‌ನ ದೊಡ್ಡ ಹೋಟೆಲ್‌ನಲ್ಲಿ ತಂಗುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ಮಗನೋ ಮಗಳೋ ಇಲ್ಲಿ ಕೆಲಸದಲ್ಲಿರುತ್ತಾರೆ, ಅಪ್ಪ ಅಮ್ಮನನ್ನು ಎರಡು ರಾತ್ರಿ "ಒಳ್ಳೇ ಹೋಟೆಲ್‌ನಲ್ಲಿ" ಇಳಿಸಬೇಕು ಅನ್ನುವ ಆಸೆ ಇರುತ್ತದೆ. ಇಲ್ಲವೇ ಮದುವೆಯಾಗಿ ಇಪ್ಪತ್ತೈದು ವರ್ಷವಾದ ಜೋಡಿ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿ, ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ. ಬೇಕಾದದ್ದನ್ನು ಮಾತ್ರ ಓದಿಕೊಳ್ಳಿ.

## ಹೊರಡುವ ಮುಂಚೆ

ಸ್ಟಾಕ್‌ಹೋಮ್‌ನಲ್ಲಿ "ದೊಡ್ಡ ಹೋಟೆಲ್" ಅಂದ್ರೆ ಯಾವುದು?

ಊರಿನವರನ್ನು ಕೇಳಿದರೆ ಗ್ರ್ಯಾಂಡ್ ಹೋಟೆಲ್ ಅನ್ನುತ್ತಾರೆ. 1874ರಲ್ಲಿ ಶುರುವಾದದ್ದು. ಕಟ್ಟಿಸಿದವನು ರೆಜಿಸ್ ಕಾಡಿಯೆ ಎಂಬ ಫ್ರೆಂಚ್ ಅಡುಗೆಯವ. ಅಲ್ಲಿನ ಬಾರ್‌ಗೆ ಇವತ್ತಿಗೂ ಅವನದೇ ಹೆಸರು. ಈಗ ಇದು ಸ್ವೀಡನ್ನಿನ ದೊಡ್ಡ ಉದ್ಯಮಿ ಮನೆತನ ವಾಲೆನ್‌ಬೆರ್ಯ್ ಕೈಯಲ್ಲಿದೆ.

ಹೋಟೆಲ್ ನಿಂತಿರುವ ಜಾಗವೇ ಅದರ ಆಸ್ತಿ. ಎದುರಿಗೆ ನೀರು, ನೀರಿನ ಆಚೆ ದಡದಲ್ಲಿ ಅರಮನೆ, ಅದರ ಹಿಂದೆ ಗಾಮ್ಲಾ ಸ್ತಾನ್ ಅನ್ನುವ ಹಳೇ ಪೇಟೆ. ಪಕ್ಕದಲ್ಲೇ ನ್ಯಾಷನಲ್ ಮ್ಯೂಸಿಯಂ. ಬಾಗಿಲು ದಾಟಿ ರಸ್ತೆ ದಾಟಿದರೆ ದ್ವೀಪಗಳಿಗೆ ಹೋಗುವ ಬಿಳಿ ದೋಣಿಗಳು ಸಾಲಾಗಿ ನಿಂತಿರುತ್ತವೆ.

ಇದೊಂದೇ ಅಲ್ಲ. ಪಕ್ಕದ ಲಿಡ್ಮಾರ್ ಚಿಕ್ಕದು, ಸದ್ದಿಲ್ಲದ್ದು. ಸ್ಟ್ರಾಂಡ್‌ವೇಗೆನ್ ದಂಡೆಯ ಡಿಪ್ಲೊಮಾಟ್ 1911ರ ಕಟ್ಟಡದಲ್ಲಿದೆ. ಹಳೇ ಬ್ಯಾಂಕಿನ ಕಟ್ಟಡದಲ್ಲಿ ಬ್ಯಾಂಕ್ ಹೋಟೆಲ್ ಇದೆ. ಎತ್ ಹೆಮ್ ಅಂದರೆ "ಒಂದು ಮನೆ" ಅಂತ ಅರ್ಥ. ಅಲ್ಲಿ ಯಾರದೋ ಶ್ರೀಮಂತ ನೆಂಟರ ಮನೆಗೆ ಹೋದ ಹಾಗಿರುತ್ತದೆ, ಅಡುಗೆಮನೆಗೂ ಹೋಗಿ ಕೂರಬಹುದು. ಮೊದಲ ಸಲ ಬರುವವರಿಗೆ, ಅದರಲ್ಲೂ ಅಪ್ಪ ಅಮ್ಮ ಜೊತೆಗಿದ್ದರೆ, ನಾನು ಗ್ರ್ಯಾಂಡ್ ಅಂತಲೇ ಹೇಳುವುದು. ಏನೂ ಮಾಡದೆ ಕಿಟಕಿ ಮುಂದೆ ಕೂತರೂ ಊರು ನೋಡಿದಂತಾಗುತ್ತದೆ.

ರಾತ್ರಿಗೆ ಎಷ್ಟಾಗುತ್ತೆ? ಯಾವಾಗ ಬಂದ್ರೆ ಕಡಿಮೆ?

ಇಲ್ಲಿನ ದುಡ್ಡು ಯೂರೋ ಅಲ್ಲ, ಕ್ರೋನಾ. ಒಂದು ಕ್ರೋನಾಕ್ಕೆ ಎಂಟರಿಂದ ಹತ್ತು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ಇಂಥ ಹೋಟೆಲ್‌ಗಳಲ್ಲಿ ಒಳಗಡೆ ಅಂಗಳಕ್ಕೆ ಮುಖ ಮಾಡಿದ ಸಣ್ಣ ರೂಮು ಸಾಮಾನ್ಯವಾಗಿ 3,500–5,000 ಕ್ರೋನಾಕ್ಕೆ ಶುರುವಾಗುತ್ತದೆ. ನೀರಿನ ಕಡೆಗಿನ ರೂಮಿಗೆ ಜಾಸ್ತಿ, ಕೆಲವೊಮ್ಮೆ ದುಪ್ಪಟ್ಟು.

ನಮ್ಮವರು ಇಲ್ಲೇ ತಪ್ಪು ಮಾಡುವುದು. "ಮಲಗೋಕೆ ತಾನೇ, ಯಾವ ಕಡೆ ಇದ್ದರೇನು" ಅಂತ ಒಳಗಿನ ರೂಮು ತೆಗೆದುಕೊಳ್ಳುತ್ತಾರೆ. ಆಮೇಲೆ "ಇಷ್ಟು ಕೊಟ್ಟು ಇಷ್ಟೇನಾ" ಅಂತ ಬೇಜಾರು. ಈ ಊರಲ್ಲಿ ನೀವು ದುಡ್ಡು ಕೊಡುವುದೇ ಕಿಟಕಿಗೆ. ಮೂರು ರಾತ್ರಿ ಅಂಗಳದ ಕಡೆ ಇರುವ ಬದಲು ಒಂದೇ ರಾತ್ರಿ ನೀರಿನ ಕಡೆ ಇದ್ದು, ಉಳಿದ ಎರಡು ರಾತ್ರಿ ಸಾಧಾರಣ ಹೋಟೆಲ್‌ಗೆ ಹೋಗಿ.

ಸ್ಟಾಕ್‌ಹೋಮ್ ಕಚೇರಿ ಕೆಲಸಕ್ಕೆ ಬರುವವರ ಊರು. ವಾರದ ನಡುವೆ ಹೋಟೆಲ್ ತುಂಬಿರುತ್ತವೆ. ಶುಕ್ರವಾರ, ಶನಿವಾರ ರಾತ್ರಿ ಎಷ್ಟೋ ಸಲ ದರ ಇಳಿಯುತ್ತದೆ. ಜುಲೈನಲ್ಲಿ ಇಡೀ ದೇಶವೇ ರಜೆಯಲ್ಲಿರುವುದರಿಂದ ಆಗಲೂ ಒಳ್ಳೇ ದರ ಸಿಗಬಹುದು. ಡಿಸೆಂಬರ್ ಎರಡನೇ ವಾರ ಮಾತ್ರ ಬೇಡ. ಅದು ನೊಬೆಲ್ ಬಹುಮಾನ ಕೊಡುವ ವಾರ.

ಜೂನ್‌ನಲ್ಲಿ ಬರುವವರು ಮಿಡ್‌ಸಮ್ಮರ್ ಹಬ್ಬ ಯಾವತ್ತು ಅಂತ ನೋಡಿಕೊಳ್ಳಿ. ಅದು 19ರಿಂದ 25ರೊಳಗೆ ಬೀಳುವ ಶುಕ್ರವಾರ. ಅವತ್ತು ಊರೆಲ್ಲ ಖಾಲಿ. ಅಂಗಡಿ, ಊಟದ ಜಾಗಗಳು ಬಾಗಿಲು ಹಾಕಿರುತ್ತವೆ. ನಮ್ಮಲ್ಲಿ ಹಬ್ಬಕ್ಕೆ ಬೆಂಗಳೂರು ಖಾಲಿಯಾಗುವ ಹಾಗೆಯೇ.

ತೋರಿಸಿರೋ ದರದ ಮೇಲೆ ಟ್ಯಾಕ್ಸ್ ಅಂತ ಮತ್ತೆ ಹಾಕ್ತಾರಾ?

ಇಲ್ಲ. ತೆರಿಗೆ ಸೇರಿಸಿಯೇ ದರ ತೋರಿಸಬೇಕು ಅನ್ನುವುದು ಇಲ್ಲಿನ ನಿಯಮ. ರೂಮಿನ ಮೇಲಿನ 12% ತೆರಿಗೆ ಅದರಲ್ಲೇ ಬಂತು. ಯುರೋಪಿನ ಬೇರೆ ಊರುಗಳ ಹಾಗೆ ತಲೆಗಿಷ್ಟು ಅಂತ ಪ್ರವಾಸಿ ತೆರಿಗೆಯೂ ಇಲ್ಲ. ಬೆಳಗಿನ ತಿಂಡಿ ಸೇರಿದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ನೋಡಿ. ಸ್ವೀಡನ್‌ನಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ. ದೊಡ್ಡ ಹೋಟೆಲ್‌ಗಳು ಎರಡು ದರ ಇಟ್ಟಿರುತ್ತವೆ.

ವೀಸಾಗೆ ಹೋಟೆಲ್ ಬುಕಿಂಗ್ ತೋರಿಸ್ಬೇಕಂತೆ. ವೀಸಾ ಬರದಿದ್ರೆ ದುಡ್ಡು ಹೋಯ್ತಲ್ಲ?

ಅದಕ್ಕೇ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರದಲ್ಲೇ ಬುಕ್ ಮಾಡಿ. ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಬೇಕಾಗುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅರ್ಜಿಯನ್ನು ಬೆಂಗಳೂರಿನ ವಿಎಫ್ಎಸ್ ಅನ್ನುವ ವೀಸಾ ಅರ್ಜಿ ಕೇಂದ್ರದಲ್ಲೇ ಕೊಡಬಹುದು. ದೊಡ್ಡವರಿಗೆ 90 ಯೂರೋ ಶುಲ್ಕ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಒಂದೇ ಪ್ರವಾಸದಲ್ಲಿ ನಾಲ್ಕು ದೇಶ ನೋಡುವ ಆಲೋಚನೆ ಇದ್ದರೆ, ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು.

ಮನೆಯಿಂದ ತಿಂಡಿ ಕಟ್ಕೊಂಡು ಬರಬಹುದಾ? ಅಮ್ಮ ಬಿಡಲ್ಲ.

ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಅವಲಕ್ಕಿ, ಎಂಟಿಆರ್ ಪೊಟ್ಟಣದ ಉಪ್ಪಿಟ್ಟು ಆರಾಮಾಗಿ ತನ್ನಿ. ಹಾಲಿನ ಪದಾರ್ಥ ಮತ್ತು ಮಾಂಸ ಮಾತ್ರ ಯುರೋಪಿನ ಹೊರಗಿನಿಂದ ಚೀಲದಲ್ಲಿ ತರುವಂತಿಲ್ಲ. ಅಂದರೆ ತುಪ್ಪದ ಡಬ್ಬಿ, ಮೊಸರು, ಪನೀರ್, ಖೋವಾದ ಸಿಹಿ ಬೇಡ. ಧಾರವಾಡ ಪೇಡ ತಂದು ಕಸ್ಟಮ್ಸ್‌ನಲ್ಲಿ ಕಳೆದುಕೊಂಡವರ ಮುಖ ನಾನು ನೋಡಿದ್ದೇನೆ.

ಹಸಿ ಕರಿಬೇವೂ ಬೇಡ. ಗಿಡ, ಸೊಪ್ಪು, ಹಣ್ಣು ಯಾವುದಕ್ಕೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ತೆಂಗಿನಕಾಯಿ ತರಬಹುದು ಅಂತ ಕೇಳಿ ನನ್ನ ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ರೂಮಿನಲ್ಲಿ ಒಡೆಯಲು ಜಾಗವಿಲ್ಲ ಅಂತ ಆಮೇಲೆ ಹೇಳಿದೆ.

ಇಂಡಕ್ಷನ್ ಒಲೆ, ಪುಟ್ಟ ಕುಕ್ಕರ್ ತಂದು ರೂಮಿನಲ್ಲಿ ಅನ್ನ ಮಾಡುವ ಯೋಚನೆ ಬಿಟ್ಟುಬಿಡಿ. ಹೊಗೆ ಪತ್ತೆ ಮಾಡುವ ಯಂತ್ರ ಒಂದು ಒಗ್ಗರಣೆಗೆ ಕೂಗಿಕೊಳ್ಳುತ್ತದೆ. ಬಿಸಿನೀರಿನ ಕೆಟಲ್ ಕೇಳಿದರೆ ಕೊಡುತ್ತಾರೆ, ಪೊಟ್ಟಣದ ತಿಂಡಿಗೆ ಅಷ್ಟು ಸಾಕು.

## ಬಂದಿಳಿದ ದಿನ

ಏರ್‌ಪೋರ್ಟಿಂದ ಹೋಟೆಲ್‌ಗೆ ಹೇಗೆ ಹೋಗೋದು? ಟ್ಯಾಕ್ಸಿಯವರು ಸುಲಿಯುತ್ತಾರಂತೆ?

ಆರ್ಲಾಂಡಾ ವಿಮಾನ ನಿಲ್ದಾಣ ಊರಿಗೆ ಸುಮಾರು 40 ಕಿಲೋಮೀಟರ್. ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಇಪ್ಪತ್ತು ನಿಮಿಷದೊಳಗೆ ಸೆಂಟ್ರಲ್ ಸ್ಟೇಷನ್. ಅಲ್ಲಿಂದ ಗ್ರ್ಯಾಂಡ್‌ಗೆ ಹದಿನೈದು ನಿಮಿಷದ ನಡಿಗೆ. ಆದರೆ ಎರಡೆರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಕಲ್ಲುಹಾಸಿನ ಮೇಲೆ ನಡೆಯುವುದು ಸುಲಭವಲ್ಲ. ಮೂರು ನಾಲ್ಕು ಜನ ಇದ್ದರೆ ಟ್ಯಾಕ್ಸಿಯೇ ಸರಿ.

ಟ್ಯಾಕ್ಸಿ ವಿಷಯ ನಿಜ. ಸ್ವೀಡನ್‌ನಲ್ಲಿ ಸರ್ಕಾರ ಟ್ಯಾಕ್ಸಿ ದರ ನಿಗದಿ ಮಾಡುವುದಿಲ್ಲ. ಯಾರು ಎಷ್ಟಾದರೂ ಇಟ್ಟುಕೊಳ್ಳಬಹುದು. ಅದಕ್ಕೇ ಕಾರಿನ ಕಿಟಕಿಗೆ ದರದ ಚೀಟಿ ಅಂಟಿಸಿರುತ್ತಾರೆ. 10 ಕಿಲೋಮೀಟರ್, 15 ನಿಮಿಷದ ಪ್ರಯಾಣಕ್ಕೆ ಎಷ್ಟು ಅಂತ ದೊಡ್ಡ ಅಂಕಿಯಲ್ಲಿ ಇರುತ್ತದೆ. ನಾನು ಬಂದ ಮೊದಲ ವರ್ಷ ಅದನ್ನು ನೋಡದೆ ಹತ್ತಿ ಎರಡರಷ್ಟು ಕೊಟ್ಟಿದ್ದೇನೆ. ಯಾರನ್ನೂ ಬೈಯುವ ಹಾಗಿರಲಿಲ್ಲ, ಚೀಟಿ ಕಣ್ಣೆದುರೇ ಇತ್ತು. ಈಗ ಹತ್ತುವ ಮುಂಚೆ "ಊರಿಗೆ ನಿಗದಿ ದರ ಎಷ್ಟು?" ಅಂತ ಕೇಳುತ್ತೇನೆ. ಸಾಲಿನಲ್ಲಿ ಮೊದಲು ನಿಂತ ಕಾರನ್ನೇ ಹತ್ತಬೇಕು ಅಂತಲೂ ಇಲ್ಲ.

ಎಷ್ಟು ಕ್ಯಾಶ್ ಇಟ್ಕೋಬೇಕು?

ಏನೂ ಬೇಡ. ಇಲ್ಲಿ ನೋಟು ಕಂಡು ವರ್ಷಗಳಾದವರಿದ್ದಾರೆ. ಬಹಳ ಅಂಗಡಿ, ಹೋಟೆಲ್‌ಗಳು ನಗದು ತೆಗೆದುಕೊಳ್ಳುವುದೇ ಇಲ್ಲ. ಮೆಟ್ರೋಗೂ ಬ್ಯಾಂಕ್ ಕಾರ್ಡ್ ಗೇಟಿಗೆ ತಾಗಿಸಿದರೆ ಆಯಿತು.

ಆದರೆ ಕಾರ್ಡ್ ಯಾವುದು ಅನ್ನುವುದು ಮುಖ್ಯ. ಚೆಕ್-ಇನ್ ಮಾಡುವಾಗ ರೂಮಿನ ಬಾಡಿಗೆಯ ಮೇಲೆ ಇನ್ನಷ್ಟು ಮೊತ್ತವನ್ನು ಕಾರ್ಡಿನಲ್ಲಿ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಮಿತಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಅಥವಾ ಮೊದಲೇ ವಿದೇಶಿ ದುಡ್ಡು ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ಕೈದುಡ್ಡೇ ಸಿಕ್ಕಿಕೊಳ್ಳುತ್ತದೆ. ಹೋಟೆಲ್ ಬಿಟ್ಟ ಮೇಲೂ ವಾಪಸ್ ಬರಲು ದಿನಗಟ್ಟಲೆ ಬೇಕು. ನನ್ನ ತಮ್ಮನ ಫಾರೆಕ್ಸ್ ಕಾರ್ಡ್ ಹೀಗೆ ಒಂದು ಹೋಟೆಲ್‌ನಲ್ಲಿ ಖಾಲಿಯಾಗಿ, ಉಳಿದ ಪ್ರವಾಸ ನನ್ನ ಲೆಕ್ಕದಲ್ಲಿ ಮಾಡಿದ. ಈಗಲೂ ಅದನ್ನೇ ಹೇಳಿ ಕಾಡಿಸುತ್ತೇನೆ.

ಇಷ್ಟು ದುಡ್ಡು ಕೊಟ್ರೂ ಯಾರೂ ಸರ್, ಮೇಡಂ ಅನ್ನಲಿಲ್ಲ. ನಮ್ಮ ಹೆಸರು ಹಿಡಿದೇ ಕರೆದ್ರು. ಕಡೆಗಣಿಸಿದ್ರಾ?

ಇಲ್ಲವೇ ಇಲ್ಲ. ಈ ಪ್ರಶ್ನೆ ಅತಿ ಹೆಚ್ಚು ಬರುವುದು, ಅದರಲ್ಲೂ ಅಪ್ಪಂದಿರಿಂದ.

ಹಿಂದೆ ಸ್ವೀಡಿಷ್ ಭಾಷೆಯಲ್ಲಿ ಯಾರನ್ನು ಹೇಗೆ ಮಾತಾಡಿಸಬೇಕು ಅನ್ನುವುದು ದೊಡ್ಡ ತಲೆನೋವಾಗಿತ್ತು. ನೇರವಾಗಿ ನೀನು ಅನ್ನುವ ಹಾಗಿಲ್ಲ, ನೀವು ಅಂದರೂ ಕೆಲವರಿಗೆ ಅವಮಾನ. "ಡಾಕ್ಟರ್ ಸಾಹೇಬರಿಗೆ ಕಾಫಿ ಬೇಕೇ?" ಅಂತ ಎದುರಿಗೆ ಕೂತವರನ್ನೇ ಮೂರನೆಯವರಂತೆ ಕೇಳಬೇಕಿತ್ತು. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬುವರು ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಇನ್ನು ಮೇಲೆ ಎಲ್ಲರನ್ನೂ "ದು" ಅಂತಲೇ ಕರೆಯುತ್ತೇನೆ ಅಂತ ಸಿಬ್ಬಂದಿಗೆ ಹೇಳಿಬಿಟ್ಟರು. "ದು" ಅಂದರೆ ನೀನು. ಆ ಹೊತ್ತಿಗೆ ಗಾಳಿ ಆ ಕಡೆಗೇ ಬೀಸುತ್ತಿತ್ತು. ಕೆಲವೇ ವರ್ಷದಲ್ಲಿ ಇಡೀ ದೇಶ "ದು"ಗೆ ಇಳಿಯಿತು. ಈಗ ಪ್ರಧಾನಿಯನ್ನೂ ಪತ್ರಕರ್ತರು ನೀನು ಅನ್ನುತ್ತಾರೆ. ಹೋಟೆಲ್ ಹುಡುಗಿ ನಿಮ್ಮನ್ನು "ಶ್ರೀನಿವಾಸ" ಅಂದರೆ ಅದು ಅಲ್ಲಿನ ಪೂರ್ತಿ ಮರ್ಯಾದೆಯ ಮಾತೇ.

ಇನ್ನೊಂದು, ನಮ್ಮ ಪಂಚತಾರಾ ಹೋಟೆಲ್‌ಗಳ ಹಾಗೆ ಬಾಗಿಲಿಗೊಬ್ಬ, ಲಿಫ್ಟಿಗೊಬ್ಬ ನಿಂತಿರುವುದಿಲ್ಲ. ಇಲ್ಲಿ ಆಳಿನ ಸಂಬಳ ಜಾಸ್ತಿ, ಜನ ಕಡಿಮೆ. ಲಗೇಜ್ ಎತ್ತಲು ಕೇಳಿದರೆ ನಗುತ್ತಾ ಬರುತ್ತಾರೆ. ಕೇಳದಿದ್ದರೆ "ತಾವೇ ಎತ್ತಿಕೊಳ್ಳಲು ಇಷ್ಟ" ಅಂತ ತಿಳಿಯುತ್ತಾರೆ. ಮತ್ತೆ ಮತ್ತೆ ಬಂದು "ಎಲ್ಲ ಸರಿ ಇದೆಯಾ?" ಅಂತ ಕೇಳುವುದು ಇಲ್ಲಿನವರಿಗೆ ಕಿರಿಕಿರಿ. ಅತಿಥಿಯನ್ನು ಅವರ ಪಾಡಿಗೆ ಬಿಡುವುದೇ ಉಪಚಾರ. ಹಾಗಾಗಿ ಬಾಯಿಬಿಟ್ಟು ಕೇಳಿ. ಇನ್ನೊಂದು ದಿಂಬು, ಬಿಸಿನೀರು, ನಾಳೆಗೆ ದೋಣಿಯ ಟಿಕೆಟ್, ಏನು ಕೇಳಿದರೂ ಮಾಡಿಕೊಡುತ್ತಾರೆ.

ಟಿಪ್ಸ್ ಎಷ್ಟು?

ಕಡ್ಡಾಯವಿಲ್ಲ. ಊಟ ಇಷ್ಟವಾದರೆ 5–10% ಸೇರಿಸಿ. ಕಾರ್ಡ್ ಯಂತ್ರವೇ ಕೇಳುತ್ತದೆ, ಸೊನ್ನೆ ಒತ್ತಿದರೂ ಯಾರೂ ಮುಖ ಗಂಟು ಹಾಕುವುದಿಲ್ಲ.

## ರೂಮಿನೊಳಗೆ

ಡಬಲ್ ಬೆಡ್ ಕೇಳಿದ್ವಿ, ಎರಡು ಬೇರೆ ಬೇರೆ ರಜಾಯಿ ಇಟ್ಟಿದ್ದಾರೆ. ಬದಲಾಯಿಸಿ ಅನ್ನಬೇಕಾ?

ಬೇಡ. ಇದು ಈ ಕಡೆಯ ಪದ್ಧತಿ. ಗಂಡ ಹೆಂಡತಿ ಒಂದೇ ಮಂಚದಲ್ಲಿ, ಆದರೆ ಹೊದಿಕೆ ಬೇರೆ ಬೇರೆ. ರಾತ್ರಿಯೆಲ್ಲ ಎಳೆದಾಟವಿಲ್ಲ. ಒಂದು ವಾರ ಹೀಗೆ ಮಲಗಿದ ಮೇಲೆ ಊರಿಗೆ ಹೋಗಿ ಎರಡು ರಜಾಯಿ ಕೊಂಡ ದಂಪತಿಗಳನ್ನು ನಾನು ಬಲ್ಲೆ. ದೊಡ್ಡದೊಂದು ಬೇಕೇ ಬೇಕು ಅಂದರೆ ಕೇಳಿದರೆ ಸಿಗುತ್ತದೆ.

ಬಾತ್‌ರೂಮಲ್ಲಿ ಬಕೆಟ್ಟು, ಮಗ್ಗು, ಆ ಸ್ಪ್ರೇ ಪೈಪು ಇರುತ್ತಾ?

ಬಕೆಟ್ ಮಗ್ಗು ಇಲ್ಲ. ಸ್ಪ್ರೇ ಪೈಪು ಸ್ವೀಡನ್ನಿನ ಹೋಟೆಲ್‌ಗಳಲ್ಲಿ ಅಪರೂಪ. ತಮಾಷೆ ಎಂದರೆ ಪಕ್ಕದ ಫಿನ್‌ಲ್ಯಾಂಡ್‌ನಲ್ಲಿ ಕಮೋಡಿನ ಪಕ್ಕ ಕೈ ಶವರ್ ಇಡುವುದು ಮಾಮೂಲು. ಹೆಲ್ಸಿಂಕಿಗೆ ಹೋದ ನಮ್ಮವರೆಲ್ಲ ಅಲ್ಲಿನ ಚರ್ಚ್ ಬಿಟ್ಟು ಇದನ್ನೇ ಹೊಗಳುತ್ತಾರೆ. ಸ್ಟಾಕ್‌ಹೋಮ್‌ಗೆ ಬರುವಾಗ ಒಂದು ಪ್ಲಾಸ್ಟಿಕ್ ಚೊಂಬು ಅಥವಾ ಖಾಲಿ ಬಾಟಲಿ ಸೂಟ್‌ಕೇಸಿನಲ್ಲಿರಲಿ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಗೀಸರ್ ಹಾಕಿ ಕಾಯುವ ಪ್ರಶ್ನೆಯಿಲ್ಲ, ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಕುಡಿಯುವುದಕ್ಕೂ ನಲ್ಲಿಯ ತಣ್ಣೀರೇ ಸಾಕು, ಚೆನ್ನಾಗಿರುತ್ತದೆ. ರೂಮಿನಲ್ಲಿಟ್ಟ ಬಾಟಲಿ ನೀರನ್ನು ಮುಟ್ಟುವ ಮುಂಚೆ ಅದರ ಬೆಲೆ ನೋಡಿ.

ರಾತ್ರಿ ಹತ್ತಾದ್ರೂ ಬೆಳಕು ಅಂತೆ. ನಿದ್ದೆ ಹೇಗೆ ಮಾಡೋದು?

ಜೂನ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಜಾವ ಮೂರೂವರೆಗೆ, ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ, ಒಂಥರಾ ನೀಲಿ. ದೊಡ್ಡ ಹೋಟೆಲ್‌ಗಳಲ್ಲಿ ಬೆಳಕು ತೂರದ ದಪ್ಪ ಪರದೆ ಇರುತ್ತದೆ. ಅದು ಎರಡು ಪದರ: ಒಳಗೆ ತೆಳುವಾದದ್ದು, ಹೊರಗೆ ದಪ್ಪದ್ದು. ತೆಳುವಾದದ್ದನ್ನಷ್ಟೇ ಎಳೆದು "ನಿದ್ದೆ ಬರಲಿಲ್ಲ" ಅನ್ನುವವರೇ ಜಾಸ್ತಿ. ಆದರೂ ಒಂದು ರಾತ್ರಿ ಪರದೆ ತೆರೆದೇ ಇಡಿ. ಮೂರೂವರೆಗೆ ಎಚ್ಚರವಾದರೆ ನೀರಿನ ಮೇಲೆ ಒಂದೂ ದೋಣಿ ಓಡಾಡದ ಹೊತ್ತು, ಅರಮನೆಯ ಗೋಡೆ ಮೇಲೆ ಮೊದಲ ಬಿಸಿಲು. ನೀರಿನ ಕಡೆಯ ರೂಮು ತೆಗೆದುಕೊಳ್ಳಿ ಅಂತ ಪೀಡಿಸಿದ್ದು ಇದಕ್ಕೇ.

ಚಳಿಗಾಲದಲ್ಲಿ ಇದರ ತಿರುಗಮುರುಗ. ಡಿಸೆಂಬರ್ 21ರ ಹೊತ್ತಿಗೆ ಬೆಳಗ್ಗೆ ಮುಕ್ಕಾಲು ಒಂಬತ್ತಕ್ಕೆ ಹುಟ್ಟಿದ ಸೂರ್ಯ ಮಧ್ಯಾಹ್ನ ಮೂರರೊಳಗೆ ಮನೆಗೆ ಹೋಗಿಯಾಯಿತು. ರೂಮಿನೊಳಗೆ ಮಾತ್ರ ಬೆಚ್ಚಗಿರುತ್ತದೆ, ಕಿಟಕಿಗೆ ಎರಡು ಮೂರು ಪದರ ಗಾಜು. ಸ್ವೆಟರ್ ಹಾಕಿಕೊಂಡು ಮಲಗುವುದು ಬೇಡ.

ಫೋನ್ ಚಾರ್ಜರ್ ಹಾಕೋಕೆ ಅಡಾಪ್ಟರ್ ಬೇಕಾ?

ನಮ್ಮ ಎರಡು ಗುಂಡು ಪಿನ್ನಿನ ಸಣ್ಣ ಚಾರ್ಜರ್ ಹಾಗೇ ಹಿಡಿಯುತ್ತದೆ, ವೋಲ್ಟೇಜ್ ಕೂಡ ನಮ್ಮಂತೆಯೇ 230. ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್‌ಗೆ ಮಾತ್ರ ಅಡಾಪ್ಟರ್ ಬೇಕು.

## ತಿನ್ನುವುದು, ಕುಡಿಯುವುದು

ನಾವು ಶುದ್ಧ ಸಸ್ಯಾಹಾರಿಗಳು. ಬೆಳಗ್ಗೆ ತಿಂಡಿಗೆ ಏನಾದ್ರೂ ಸಿಗುತ್ತಾ, ಬರೀ ಬ್ರೆಡ್ಡೇನಾ?

ಹೊಟ್ಟೆ ತುಂಬುತ್ತದೆ. ಓಟ್ಸ್ ಗಂಜಿ ಇರುತ್ತದೆ, ಅದರ ಮೇಲೆ ಲಿಂಗೊನ್ ಅನ್ನುವ ಹುಳಿ ಕೆಂಪು ಹಣ್ಣಿನ ಜಾಮ್ ಹಾಕಿಕೊಂಡರೆ ರುಚಿ. ಕ್ನೆಕೆಬ್ರೋಡ್ ಅಂತ ಗಟ್ಟಿ ರೊಟ್ಟಿ ಇದೆ. ನಮ್ಮ ಉತ್ತರ ಕರ್ನಾಟಕದ ಕಟಕ್ ರೊಟ್ಟಿ ತಿಂದವರಿಗೆ ಹೊಸದೇನಲ್ಲ. ಚಟ್ನಿಪುಡಿ, ಬೆಣ್ಣೆ ಹಚ್ಚಿ ತಿನ್ನಿ, ಯಾರೂ ನೋಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಫಿಲ್‌ಮ್ಯೋಲ್ಕ್ ಹುಡುಕಿ. ಅದು ಹೆಪ್ಪು ಹಾಕಿದ ಹಾಲು, ತೆಳು ಮೊಸರಿಗೂ ಗಟ್ಟಿ ಮಜ್ಜಿಗೆಗೂ ನಡುವಿನದ್ದು. ಊಟ ಮುಗಿಸಲು ಮೊಸರನ್ನ ಬೇಕೇ ಬೇಕು ಅನ್ನುವವರಿಗೆ ಇದೇ ಗತಿ, ಒಳ್ಳೆಯ ಗತಿಯೇ.

ಎಡವುವ ಜಾಗಗಳೂ ಇವೆ. ಇಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆ ಸೇರಿರುತ್ತದೆ. ಮೊಟ್ಟೆಯೂ ಬೇಡ ಅಂದರೆ ಹಾಗಂತಲೇ ಬಿಡಿಸಿ ಹೇಳಿ, ಇಲ್ಲವೇ "ವೆಗಾನ್ಸ್ಕ್" ಅನ್ನಿ. ಆಗ ಹಾಲೂ ಹೋಗುತ್ತದೆ, ಆದರೆ ಅನುಮಾನ ಇರುವುದಿಲ್ಲ. ಕೆಲವು ಚೀಸ್‌ಗಳಲ್ಲಿ ಹಾಲು ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಹಲ್ಲುಪೇಸ್ಟಿನಂಥ ನೀಲಿ ಟ್ಯೂಬ್‌ನಲ್ಲಿರುವುದು ಮೀನಿನ ಮೊಟ್ಟೆಯ ಪೇಸ್ಟ್, ಟೊಮ್ಯಾಟೊ ಸಾಸ್ ಅಲ್ಲ. ಗುರುವಾರ ಮಧ್ಯಾಹ್ನ ಊರೆಲ್ಲ ಹಳದಿ ಬಟಾಣಿ ಸೂಪ್ ಮಾಡುತ್ತಾರೆ. ನೋಡಲು ಥೇಟ್ ತೊವ್ವೆ. ಒಳಗೆ ಹಂದಿಮಾಂಸ ಇರುತ್ತದೆ.

ಸ್ಮೋರ್ಗೋಸ್‌ಬೂರ್ಡ್ ಅಂದ್ರೆ ಬಫೆ ತಾನೇ? ಅಷ್ಟು ದುಡ್ಡು ಕೊಡಬಹುದಾ?

ಬಫೆಯೇ, ಆದರೆ ಅದಕ್ಕೊಂದು ಕ್ರಮ ಇದೆ. ನಮ್ಮ ಬಾಳೆಎಲೆಯಲ್ಲಿ ಪಾಯಸ ಯಾವಾಗ, ಸಾರು ಯಾವಾಗ ಅಂತ ಇಲ್ಲವೇ, ಹಾಗೆ. ಮೊದಲು ಉಪ್ಪಿನಕಾಯಿಯಂತೆ ಹುಳಿಸಿದ ಹೆರಿಂಗ್ ಮೀನು, ಜೊತೆಗೆ ಬೇಯಿಸಿದ ಆಲೂಗಡ್ಡೆ. ಆಮೇಲೆ ಸಾಲ್ಮನ್ ಥರದ ತಣ್ಣನೆಯ ಮೀನು. ಅದಾದ ಮೇಲೆ ತಣ್ಣನೆಯ ಮಾಂಸ. ನಂತರ ಬಿಸಿ ಪದಾರ್ಥ, ಮಾಂಸದುಂಡೆ ಬರುವುದು ಇಲ್ಲಿ. ಕೊನೆಗೆ ಚೀಸು, ಸಿಹಿ. ಪ್ರತಿ ಸುತ್ತಿಗೂ ಹೊಸ ತಟ್ಟೆ. ಎಲ್ಲವನ್ನೂ ಒಂದೇ ತಟ್ಟೆಗೆ ಗುಡ್ಡೆ ಹಾಕಿಕೊಂಡರೆ ಪಕ್ಕದ ಮೇಜಿನ ಅಜ್ಜಿ ಸಣ್ಣಗೆ ನಿಟ್ಟುಸಿರು ಬಿಡುತ್ತಾಳೆ.

ಗ್ರ್ಯಾಂಡ್ ಹೋಟೆಲ್‌ನೊಳಗಿನ "ವೆರಾಂಡಾ" ಅನ್ನುವ ರೆಸ್ಟೋರೆಂಟ್ ಇದಕ್ಕೆ ಹೆಸರಾದ ಜಾಗ. ಡಿಸೆಂಬರ್‌ನಲ್ಲಿ ಇದೇ ಊಟ ಕ್ರಿಸ್‌ಮಸ್ ವೇಷ ಹಾಕಿ "ಯೂಲ್‌ಬೂರ್ಡ್" ಆಗುತ್ತದೆ. ಮೀನು ಮಾಂಸ ತಿನ್ನುವವರಿಗೆ ದುಡ್ಡಿಗೆ ಮೋಸವಿಲ್ಲ. ಸಸ್ಯಾಹಾರಿಗಳಿಗೆ ನನ್ನ ಸಲಹೆ: ಬಿಡಿ. ಆ ದುಡ್ಡಿನಲ್ಲಿ ನಾಲ್ಕು ಸಲ ಕಾಫಿ, ದಾಲ್ಚಿನ್ನಿ ಬನ್ ತಿನ್ನಬಹುದು.

ಮಿನಿ ಬಾರ್ ದುಬಾರಿ. ಹೊರಗೆ ಬಾಟಲಿ ಎಲ್ಲಿ ಸಿಗುತ್ತೆ?

3.5%ಗಿಂತ ಗಟ್ಟಿಯಾದ ಮದ್ಯವನ್ನು ಅಂಗಡಿಯಲ್ಲಿ ಮಾರುವುದು ಸರ್ಕಾರ ಮಾತ್ರ. ಅಂಗಡಿಯ ಹೆಸರು ಸಿಸ್ಟೆಂಬೊಲಾಗೆಟ್. ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು, ಭಾನುವಾರ ರಜೆ. ಅಲ್ಲಿ ಕೊಳ್ಳಲು 20 ತುಂಬಿರಬೇಕು, ಬಾರ್‌ನಲ್ಲಿ ಕೂತು ಕುಡಿಯಲು 18 ಸಾಕು.

## ಒಂದೆರಡು ಸಲ ಬಂದವರು ಕೇಳುವುದು

ಸೌನಾಗೆ ಬಟ್ಟೆ ಇಲ್ಲದೆ ಹೋಗ್ಬೇಕಾ? ನಾಚಿಕೆಯಪ್ಪ.

ಸೌನಾ ಅಂದರೆ ಬೆವರಲು ಕೂರುವ ಬಿಸಿ ಕೋಣೆ. ದೊಡ್ಡ ಹೋಟೆಲ್‌ಗಳ ಸ್ಪಾದಲ್ಲಿ ಗಂಡಸರು ಹೆಂಗಸರು ಸೇರುವ ಕಡೆ ಈಜುಡುಗೆ ಹಾಕಿಕೊಂಡೇ ಹೋಗುವುದು. ಗಂಡಸರದ್ದು ಹೆಂಗಸರದ್ದು ಬೇರೆ ಬೇರೆ ಇದ್ದ ಕಡೆ ಬಟ್ಟೆ ಇರುವುದಿಲ್ಲ, ಕೆಳಗೆ ಟವೆಲ್ ಹಾಸಿಕೊಂಡು ಕೂರಬೇಕು. ನೀರಿಗಿಳಿಯುವ ಮುಂಚೆ ಮಾತ್ರ ಬಟ್ಟೆ ತೆಗೆದು ಸೋಪು ಹಚ್ಚಿ ಸ್ನಾನ ಮಾಡಲೇಬೇಕು. ಈ ವಿಷಯದಲ್ಲಿ ಮುಲಾಜಿಲ್ಲ. ನಮ್ಮಲ್ಲಿ ಮಡಿ ನೀರು ಹಾಕಿಕೊಳ್ಳುವಷ್ಟೇ ಗಂಭೀರ. ಮಕ್ಕಳಿದ್ದರೆ ವಯಸ್ಸಿನ ಮಿತಿ ಕೇಳಿಕೊಳ್ಳಿ, ಬಹಳ ಕಡೆ ಸಣ್ಣವರನ್ನು ಬಿಡುವುದಿಲ್ಲ.

ನೊಬೆಲ್ ಪಡೆದವರು ಇದೇ ಹೋಟೆಲ್‌ನಲ್ಲಿ ಇಳಿಯೋದಂತೆ. ಆ ವಾರ ಬಂದ್ರೆ ನೋಡಬಹುದಾ?

ಹೌದು, 1901ರಿಂದ ನೊಬೆಲ್ ಪಡೆದವರು ಇಳಿದುಕೊಳ್ಳುವುದು ಗ್ರ್ಯಾಂಡ್ ಹೋಟೆಲ್‌ನಲ್ಲೇ. ಮೊದಲ ವರ್ಷದ ಔತಣವೂ ಇಲ್ಲೇ ನಡೆಯಿತು, ವರ್ಸೈ ಅರಮನೆಯನ್ನು ನೋಡಿ ಮಾಡಿದ ಕನ್ನಡಿ ಸಭಾಂಗಣದಲ್ಲಿ. 113 ಜನ ಉಂಡರು, ಒಬ್ಬ ಹೆಂಗಸೂ ಇರಲಿಲ್ಲ. 1930ರಲ್ಲಿ ಔತಣ ಸಿಟಿ ಹಾಲ್‌ಗೆ ಹೋಯಿತು. ಅದೇ ವರ್ಷ ಭೌತಶಾಸ್ತ್ರದ ಬಹುಮಾನ ತೆಗೆದುಕೊಳ್ಳಲು ಈ ಊರಿಗೆ ಬಂದವರು ಸಿ.ವಿ. ರಾಮನ್. ಮೂರು ವರ್ಷದ ನಂತರ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದು ನಮ್ಮವರಾದರು. ಸಿಟಿ ಹಾಲ್ ನೋಡಲು ಹೋದಾಗ ನನಗೆ ಪ್ರತಿ ಸಲ ಅವರ ಪೇಟ ನೆನಪಾಗುತ್ತದೆ.

ಡಿಸೆಂಬರ್ 10ರಂದು ಸಮಾರಂಭ. 13ರ ಬೆಳಗ್ಗೆ ಲೂಸಿಯಾ ಹಬ್ಬ. ಬಿಳಿ ಬಟ್ಟೆ ಹಾಕಿ, ತಲೆ ಮೇಲೆ ಮೇಣದ ಬತ್ತಿಗಳ ಕಿರೀಟ ಇಟ್ಟ ಹುಡುಗಿಯರು ಹಾಡುತ್ತಾ ಬಂದು ವಿಜ್ಞಾನಿಗಳನ್ನು ಹಾಸಿಗೆಯಿಂದ ಎಬ್ಬಿಸುವ ಪದ್ಧತಿ ಹೋಟೆಲ್‌ನಲ್ಲಿದೆ. ಇಂಥ ವಾರ ಸಾಮಾನ್ಯರಿಗೆ ರೂಮು ಸಿಗುವುದೂ ಕಷ್ಟ, ಸಿಕ್ಕರೂ ದರ ಮುಟ್ಟುವ ಹಾಗಿರುವುದಿಲ್ಲ. ಅದರ ಬದಲು ಗಾಮ್ಲಾ ಸ್ತಾನ್‌ನ ನೊಬೆಲ್ ಮ್ಯೂಸಿಯಂಗೆ ಹೋಗಿ. ಅಲ್ಲಿನ ಕೆಫೆಯ ಕುರ್ಚಿಗಳ ಅಡಿಯಲ್ಲಿ ಬಹುಮಾನ ಪಡೆದವರು ಸಹಿ ಹಾಕಿರುತ್ತಾರೆ. ಕಾಫಿ ತೆಗೆದುಕೊಂಡು ಕುರ್ಚಿ ತಿರುಗಿಸಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

"ಸ್ಟಾಕ್‌ಹೋಮ್ ಸಿಂಡ್ರೋಮ್" ಹುಟ್ಟಿದ ಬ್ಯಾಂಕ್ ಈಗ ಹೋಟೆಲ್ ಆಗಿದೆಯಂತೆ, ನಿಜಾನಾ?

ನಿಜ. ನೊರ್‌ಮಾಲ್ಮ್‌ಸ್ಟೊರ್ಯ್ ಚೌಕದಲ್ಲಿ ಕ್ರೆಡಿಟ್‌ಬಾಂಕೆನ್ ಇತ್ತು. 1973ರ ಆಗಸ್ಟ್ 23ರಂದು ಒಬ್ಬ ಬಂದೂಕುಧಾರಿ ನುಗ್ಗಿ ನಾಲ್ವರನ್ನು ಒತ್ತೆ ಇಟ್ಟುಕೊಂಡ. ಆರು ದಿನ ನಡೆಯಿತು. ಬಿಡುಗಡೆಯಾದವರು ಪೊಲೀಸರಿಗಿಂತ ಹಿಡಿದಿಟ್ಟವರ ಪರವಾಗಿಯೇ ಮಾತಾಡಿದ್ದರಿಂದ ಆ ಹೆಸರು ಬಂತು. ಆ ಕಟ್ಟಡದಲ್ಲಿ ಈಗ ನೊಬಿಸ್ ಹೋಟೆಲ್ ಇದೆ, ಗ್ರ್ಯಾಂಡ್‌ನಿಂದ ಐದಾರು ನಿಮಿಷದ ನಡಿಗೆ. ಎತ್ತರದ ಸೂರಿನ ಚೆಂದದ ಹಜಾರ. ದರೋಡೆಯ ಕುರುಹು ಹುಡುಕಿ ಹೋದವರಿಗೆ ನಿರಾಸೆ.

ಓಸ್ಲೋ, ಕೋಪನ್‌ಹೇಗನ್, ಹೆಲ್ಸಿಂಕಿಗೂ ಹೋಗ್ತೀವಿ. ಅಲ್ಲೂ ಇಂಥದ್ದೇ ಇದೆಯಾ?

ಪ್ರತಿ ರಾಜಧಾನಿಗೂ ಒಂದು ಅಜ್ಜಿ ಹೋಟೆಲ್ ಇದೆ. ಕೋಪನ್‌ಹೇಗನ್‌ನ ದಾಂಗ್ಲತೇರ್ ಎಲ್ಲಕ್ಕಿಂತ ಹಳೆಯದು, 1755ರಿಂದ ಲೆಕ್ಕ. ಓಸ್ಲೋದ ಗ್ರ್ಯಾಂಡ್ ಕೂಡ 1874ರದ್ದೇ. ನೊಬೆಲ್ ಶಾಂತಿ ಬಹುಮಾನ ಪಡೆದವರು ಅದರ ಬಾಲ್ಕನಿಯಿಂದ ಪಂಜಿನ ಮೆರವಣಿಗೆಗೆ ಕೈ ಬೀಸುತ್ತಾರೆ, ಅದರ ಕೆಫೆಗೆ ನಾಟಕಕಾರ ಇಬ್ಸೆನ್ ದಿನಾ ಬರುತ್ತಿದ್ದ. ಹೆಲ್ಸಿಂಕಿಯ ಕೆಂಪ್ 1887ರದ್ದು. ನನಗೆ ಕಥೆಯಾಗಿ ಇಷ್ಟ ಐಸ್‌ಲ್ಯಾಂಡ್‌ನ ರಾಜಧಾನಿ ರೇಕ್ಯವಿಕ್‌ನ ಹೋಟೆಲ್ ಬೋರ್ಗ್. ಅಮೆರಿಕದಲ್ಲಿ ಸರ್ಕಸ್‌ನಲ್ಲಿ ಕುಸ್ತಿ ತೋರಿಸಿ ದುಡ್ಡು ಮಾಡಿದ ಪೈಲ್ವಾನನೊಬ್ಬ ಊರಿಗೆ ವಾಪಸ್ ಬಂದು 1930ರಲ್ಲಿ ತೆರೆದದ್ದು. ಆ ಊರಲ್ಲಿ ಬಿಸಿನೀರು ನೆಲದೊಳಗಿಂದಲೇ ಬರುತ್ತದೆ, ಸ್ನಾನ ಮಾಡುವಾಗ ಗಂಧಕದ ವಾಸನೆ ಬಂದರೆ ಗಾಬರಿಯಾಗಬೇಡಿ.

ರೂಮು ತಗೊಳ್ಳೋಷ್ಟು ದುಡ್ಡಿಲ್ಲ. ಸುಮ್ನೆ ಒಳಗೆ ಹೋಗಿ ನೋಡಬಹುದಾ?

ಧಾರಾಳವಾಗಿ. ಗ್ರ್ಯಾಂಡ್‌ನ ಕಾಡಿಯೆ ಬಾರ್‌ಗೆ ಹೊರಗಿನವರೂ ಹೋಗಬಹುದು. ಚೊಕ್ಕ ಬಟ್ಟೆ ಇದ್ದರೆ ಸಾಕು, ಟೈ ಬೇಡ, ಸೀರೆ ಉಟ್ಟು ಹೋದ ನನ್ನ ಅಮ್ಮನಿಗೆ ಕಿಟಕಿ ಪಕ್ಕದ ಮೇಜೇ ಸಿಕ್ಕಿತು. ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ, ಜನ ಕಡಿಮೆ. ಒಂದು ಕಾಫಿ ಹೇಳಿ ಒಂದು ಗಂಟೆ ಕೂತರೂ ಯಾರೂ ಬಿಲ್ ತಂದು ಇಡುವುದಿಲ್ಲ. ಹೊರಡಬೇಕೆಂದಾಗ ನೀವೇ ಕೇಳಿ ತರಿಸಿಕೊಳ್ಳಬೇಕು.